ಪ್ರಾಕ್ಟೀಸಲ್ಲಿ ನಗ್ತಾನೆ, ಕ್ಲಾಸಲ್ಲಿ ತಿರುಗಿಯೂ ನೋಡಲ್ಲ. ಏನರ್ಥ ಮಿಸ್?

ತುಮಕೂರಿನ ಶಾಲೆಗಳಲ್ಲಿ ಡಿಸೆಂಬರ್ ಬಂತೆಂದರೆ ವಾರ್ಷಿಕೋತ್ಸವದ ಗಲಾಟೆ. ನಾನು ಹೈಸ್ಕೂಲ್ ಮಕ್ಕಳಿಗೆ ಕೋಲಾಟ ಕಲಿಸುತ್ತೇನೆ. ಪ್ರತಿ ವರ್ಷ ಪ್ರಾಕ್ಟೀಸ್ ಮುಗಿದ ಮೇಲೆ ಯಾರಾದರೊಬ್ಬರು ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಉಳಿದುಕೊಳ್ಳುತ್ತಾರೆ. ಆಮೇಲೆ ಮೇಲಿನ ಪ್ರಶ್ನೆ. ಹುಡುಗರೂ ಕೇಳುತ್ತಾರೆ, ಆದರೆ ಅವರದ್ದು "ನನ್ನ ಫ್ರೆಂಡಿಗೆ ಮಿಸ್" ಅಂತ ಶುರುವಾಗುತ್ತದೆ.

ನನ್ನ ಉತ್ತರ ಇಷ್ಟೇ. ಪ್ರಾಕ್ಟೀಸಿನ ನಗುವನ್ನೂ ನಂಬಬೇಡ, ಕ್ಲಾಸಿನ ಮೌನವನ್ನೂ ನಂಬಬೇಡ.

"ಅವಳು ನನ್ನನ್ನೇ ನೋಡ್ತಾಳೆ" ಅನ್ನುತ್ತಾನೆ ಒಬ್ಬ. ನೋಡದೆ ಏನು ಮಾಡ್ತಾಳಪ್ಪ? ಎದುರಿಗಿರುವವರನ್ನು ನೋಡದಿದ್ದರೆ ಕೋಲು ಬೆರಳಿನ ಗೆಣ್ಣಿಗೇ ಬೀಳುತ್ತದೆ. ಅದೂ ಅಲ್ಲದೆ, ಒಟ್ಟಿಗೆ ಕುಣಿದರೆ ಯಾರಿಗಾದರೂ ಸಲುಗೆ ಬೆಳೆಯುತ್ತದೆ. ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರೆಜಿಲ್‌ನಲ್ಲಿ ಹೈಸ್ಕೂಲ್ ಮಕ್ಕಳನ್ನೇ ಕುಣಿಸಿ ಇದನ್ನು ಪರೀಕ್ಷಿಸಿದ್ದರು. 2015ರಲ್ಲಿ ಅದು ಪ್ರಕಟವಾಯಿತು. ಎಲ್ಲರೂ ಒಂದೇ ಹೆಜ್ಜೆ ಹಾಕಿದಾಗ ಮಕ್ಕಳಿಗೆ ತಮ್ಮ ಗುಂಪಿನವರು ಜಾಸ್ತಿ ಹತ್ತಿರ ಅನ್ನಿಸಿದರು. ನೋವು ತಡೆದುಕೊಳ್ಳುವ ಶಕ್ತಿಯೂ ಹೆಚ್ಚಿತ್ತು. ಅದನ್ನು ಅಳೆದದ್ದು ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು! ಹಾಗಾಗಿ ಪ್ರಾಕ್ಟೀಸಿನ ಖುಷಿಯಲ್ಲಿ ಅವನ ಪಾಲೆಷ್ಟು, ತಾಳದ ಪಾಲೆಷ್ಟು ಅಂತ ಬಿಡಿಸಿ ಹೇಳಲು ನನಗಂತೂ ಆಗುವುದಿಲ್ಲ.

ಇನ್ನು ಕ್ಲಾಸು. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ಒಂದು ಸಲ ತಿರುಗಿ ನೋಡಿದರೆ ಸಾಕು, ಹಿಂದಿನ ಬೆಂಚಿನಿಂದ "ಓ..." ಶುರು. ಮಾರನೇ ದಿನ ಡೆಸ್ಕ್ ಮೇಲೆ ಇಬ್ಬರ ಹೆಸರು. ನಮ್ಮೂರು ಹೆಸರಿಗೆ ಮಹಾನಗರ ಪಾಲಿಕೆ, ಆದರೆ ಎಂ.ಜಿ. ರಸ್ತೆಯಲ್ಲಿ ನಿಂತು ಮಾತಾಡಿದರೆ ಮನೆ ತಲುಪುವ ಮೊದಲೇ ಅತ್ತೆಗೋ ಚಿಕ್ಕಮ್ಮನಿಗೋ ಸುದ್ದಿ ಹೋಗಿರುತ್ತದೆ. ಹೆದರಿದವನೂ ಸುಮ್ಮನಿರುತ್ತಾನೆ, ಇಷ್ಟವಿಲ್ಲದವನೂ ಸುಮ್ಮನಿರುತ್ತಾನೆ. ಹೊರಗಿಂದ ನೋಡಿದರೆ ಇಬ್ಬರೂ ಒಂದೇ ಥರ.

ಹಾಗಾದರೆ ಏನನ್ನು ನೋಡಬೇಕು? ಕೈಯಲ್ಲಿ ಕೋಲೂ ಇಲ್ಲದ, ಸುತ್ತ ಜನವೂ ಇಲ್ಲದ ಹೊತ್ತನ್ನು. ನೀನು ಒಂದು ದಿನ ಬರದಿದ್ದರೆ ಮಾರನೇ ದಿನ "ಯಾಕೆ ಬರ್ಲಿಲ್ಲ?" ಅಂತ ಕೇಳುತ್ತಾನಾ? ನೀನು ಹೇಳಿದ್ದು ಅವನಿಗೆ ನೆನಪಿರುತ್ತದಾ?

ಇಷ್ಟಾದರೂ ಗೊತ್ತಾಗದಿದ್ದರೆ ಕೇಳಿಬಿಡು. ಫ್ರೆಂಡ್ ಕೈಲಿ ಹೇಳಿಸಬೇಡ, ಮಾತು ಅವನನ್ನು ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ವಾಟ್ಸಾಪಲ್ಲಂತೂ ಬೇಡವೇ ಬೇಡ, ಸ್ಕ್ರೀನ್‌ಶಾಟ್ ಇಡೀ ಸೆಕ್ಷನ್ ಸುತ್ತುತ್ತದೆ. ದೊಡ್ಡ ಪ್ರಶ್ನೆಯೂ ಬೇಕಿಲ್ಲ. "ಪ್ರೋಗ್ರಾಂ ಆದ್ಮೇಲೆ ನಾವೆಲ್ಲ ತಟ್ಟೆ ಇಡ್ಲಿ ತಿನ್ನೋಕೆ ಹೋಗ್ತಿದ್ದೀವಿ, ಬರ್ತೀಯಾ?" ಅಂದರೆ ಸಾಕು. ಬರುವವನು ಬರುತ್ತಾನೆ. ಎರಡು ಸಲ "ನೋಡೋಣ" ಅಂದರೆ ಅದು ಇಲ್ಲ ಅಂತಲೇ. ಅಲ್ಲಿಗೆ ಬಿಟ್ಟುಬಿಡಬೇಕು. ಮೂರನೇ ಸಲ ಕೇಳಿದರೆ ಅದು ಕಾಟ.

ಆದರೆ ಈ ಮಾತು ಪ್ರೋಗ್ರಾಂ ಮುಗಿದ ಮೇಲಿರಲಿ ಅಂತ ನನ್ನ ಹಟ. ಇದರಲ್ಲಿ ನನ್ನ ಸ್ವಾರ್ಥವೂ ಇದೆ ಅನ್ನಿ. ಮೊದಲೇ ಕೇಳಿ ಬೇಜಾರು ಮಾಡಿಕೊಂಡವರು "ಪಾರ್ಟ್ನರ್ ಬದಲಾಯಿಸಿ ಮಿಸ್" ಅಂತ ಬಂದು ನಿಲ್ಲುತ್ತಾರೆ. ಬದಲಾಯಿಸಿ ಏನು ಪ್ರಯೋಜನ? ಒಳಸುತ್ತು ಒಂದು ಕಡೆ, ಹೊರಸುತ್ತು ಇನ್ನೊಂದು ಕಡೆ ತಿರುಗುವ ಕೋಲಾಟ ನಮ್ಮದು. ನಾಲ್ಕು ಹೆಜ್ಜೆಗೆ ಮತ್ತೆ ಅವನೇ ಎದುರಿಗೆ ಬರುತ್ತಾನೆ.