ಇಸಿಯು ಹೋಗಿದೆ ಅನ್ನುವ ಮುಂಚೆ
ಅಂತೂ ಇವತ್ತು ಕಾರು ಸ್ಟಾರ್ಟ್ ಆಯ್ತು. ಸ್ಕ್ಯಾನರ್ ಹಾಕಿದಾಗಲೆಲ್ಲ ನಾಲ್ಕೈದು ಸೆನ್ಸರ್‌ಗಳ ದೂರು ಒಟ್ಟಿಗೇ ಬರುತ್ತಿತ್ತು. ಮೊದಲು ತೋರಿಸಿದ ಕಡೆ ಬಾನೆಟ್ ಎತ್ತುವ ಮುಂಚೆಯೇ ‘ಇಸಿಯು ಹೋಗಿದೆ, ಬದಲಾಯಿಸಿ’ ಅಂದುಬಿಟ್ಟರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್.

ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಹಾಗೆ ಮಾಡಲಿಲ್ಲ. ಬ್ಯಾಟರಿ, ಫ್ಯೂಸ್, ರಿಲೇ, ಅರ್ಥ್ ವೈರ್ ಎಲ್ಲಕ್ಕೂ ಮೀಟರ್ ಹಿಡಿದರು. ಸೆನ್ಸರ್‌ಗಳಿಗೆ ಇಸಿಯು ಕೊಡಬೇಕಾದ 5 ವೋಲ್ಟ್ ಬರುತ್ತಲೇ ಇರಲಿಲ್ಲ. ಒಂದೇ ಒಂದು ಸೆನ್ಸರ್ ಶಾರ್ಟ್ ಆದರೂ ಆ ಲೈನ್ ಪೂರ್ತಿ ಬಿದ್ದುಹೋಗಬಹುದು. ಅದಕ್ಕೇ ಒಂದೊಂದೇ ಪ್ಲಗ್ ಕಳಚಿ ನೋಡಿದರು. ವೈರಿಂಗನ್ನೂ ನೋಡಿದರು. ಎರಡರಲ್ಲೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆಯೇ ಇಸಿಯು ಬಿಚ್ಚಿದ್ದು. ಪಿನ್‌ಗಳ ಬುಡದಲ್ಲಿ ಹಸಿರು ಕಿಲುಬು, ಬೋರ್ಡ್ ಮೇಲೆ ನೀರಿನ ಕಲೆ.

ಎರಡೂ ಕಡೆ ಉತ್ತರ ಒಂದೇ. ಆದರೆ ಹೀಗೆ ಕಣ್ಣಾರೆ ತೋರಿಸಿದವರಿಗೆ ದುಡ್ಡು ಕೊಡುವಾಗ ಮನಸ್ಸಿಗೆ ನೆಮ್ಮದಿ, ಅಲ್ವಾ?

ಬೇರೆ ಇಸಿಯು ಸುಮ್ನೆ ಕೂರಿಸಿದರೆ ಆಗಲ್ಲ. ಕೀಲಿಯ ಚಿಪ್ ಜೊತೆ ಹೊಂದಿಸಬೇಕು, ಇಲ್ಲದಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಎಂಜಿನ್ ಓಡಲು ಬಿಡುವುದಿಲ್ಲ. ಅದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ವೈಪರ್ ಕೆಳಗಿನ ನೀರು ಹೋಗುವ ತೂತಿನಲ್ಲಿ ಎಲೆ ಕಟ್ಟಿಕೊಂಡಿತ್ತು. ನೀರು ನಿಂತು ಮತ್ತೆ ಇಸಿಯುಗೆ ಇಳಿಯದಿರಲಿ ಅಂತ ಅದನ್ನೂ ತೆಗೆಸಿದೆ. ಮರದಡಿ ಕಾರು ನಿಲ್ಲಿಸುವವರು ಮಳೆಗೆ ಮುಂಚೆ ಒಮ್ಮೆ ನೋಡಿಕೊಳ್ಳಿ.