ಹಳೇ ಇಂಜಿನ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳು

ಹಳೇ ಟ್ರಕ್ಕಿನಿಂದ ಇಂಜಿನ್ ಇಳಿಸೋದು ದೊಡ್ಡ ಕೆಲಸವೇನಲ್ಲ. ಚೈನ್ ಪುಲ್ಲಿ ಗಟ್ಟಿಯಾಗಿದ್ದು, ಮೌಂಟಿಂಗ್ ಬೋಲ್ಟ್‌ಗಳು ತುಕ್ಕು ಹಿಡಿದು ಕೈಕೊಡದಿದ್ದರೆ ಬೆಳಿಗ್ಗೆ ಶುರು ಮಾಡಿದ್ದು ಸಂಜೆಯೊಳಗೆ ಮುಗಿಯುತ್ತದೆ. ಹೊಸ ಇಂಜಿನ್ ತೂಗುಹಾಕಿ ಒಳಗಿಳಿಸೋದೂ ಹೆಚ್ಚುಕಮ್ಮಿ ಅಷ್ಟೇ. ವಾರಗಟ್ಟಲೆ ಹಿಡಿಯೋದು ಅದರ ನಂತರದ ಕೆಲಸ. ಹಳೇ ಇಂಜಿನ್ ಗಾಡಿ ಎಳೆಯೋದರ ಜೊತೆಗೆ ಬ್ರೇಕಿಗೆ ವ್ಯಾಕ್ಯೂಮ್ (ಗಾಳಿ ಹೀರೋ ಎಳೆತ) ಕೊಡುತ್ತಿತ್ತು, ಮೀಟರ್ ಬೋರ್ಡಿನ ಮುಳ್ಳುಗಳನ್ನು ಆಡಿಸುತ್ತಿತ್ತು, ಹೀಟರ್‌ಗೆ ಬಿಸಿನೀರು ಕಳಿಸುತ್ತಿತ್ತು. ಯಾರೂ ಕೇಳದೆ ಮಾಡುತ್ತಿದ್ದ ಕೆಲಸಗಳು ಇವು. ಅದನ್ನು ಕಿತ್ತು ಆಚೆ ಇಟ್ಟ ಮೇಲೆ ಒಂದೊಂದಕ್ಕೂ ಬೇರೆ ದಾರಿ ಹುಡುಕಬೇಕು.

ನಮ್ಮದು ಪೆಟ್ರೋಲ್ ಟ್ರಕ್. ಆರು ಸಿಲಿಂಡರ್, ಕಾರ್ಬುರೇಟರ್, ನಾಲ್ಕು ಗೇರು. ಇಂಜಿನ್ ಬ್ಲಾಕ್ ಸೀಳಿತ್ತು, ಹಾಗಾಗಿ ರಿಪೇರಿಯ ಮಾತೇ ಇರಲಿಲ್ಲ. ಡೀಸೆಲ್ ಹಾಕೋಣ ಅಂದಾಗ ಗೆಳೆಯ ಮೊದಲು ಹೇಳಿದ್ದು ಕಮ್ಮಿನ್ಸ್ 4ಬಿಟಿ ಹೆಸರು. 3.9 ಲೀಟರಿನ ನಾಲ್ಕು ಸಿಲಿಂಡರ್, ಪೂರ್ತಿ ಮೆಕ್ಯಾನಿಕಲ್. ಪಂಪಿನಲ್ಲಿ ಡೀಸೆಲ್ ಬಿಡೋ ಸೊಲೆನಾಯ್ಡ್‌ಗೆ ಒಂದು ವೈರ್ ಕೊಟ್ಟರೆ ಸಾಕು, ಓಡುತ್ತದೆ. ಅವನ ಮಾತು ಸುಳ್ಳಲ್ಲ. ಆದರೆ ಅದರ ತೂಕ 340 ಕಿಲೋ ಆಸುಪಾಸು, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಇಡೀ ಕ್ಯಾಬಿನ್ ಅದುರುತ್ತದೆ. ದಿನವೂ ಓಡಿಸೋ ಗಾಡಿಗೆ ನನಗದು ಬೇಡ ಅನ್ನಿಸಿತು. ಕೊನೆಗೆ ಹಿಂಬದಿಗೆ ಗುದ್ದಿಸಿಕೊಂಡು ಗುಜರಿ ಸೇರಿದ್ದ ಒಂದು ವ್ಯಾನಿನ ಕಾಮನ್ ರೈಲ್ ಡೀಸೆಲ್ ಇಂಜಿನ್ (ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ಗಳಿಗೆಲ್ಲ ಭಾರಿ ಒತ್ತಡದ ಒಂದೇ ಕೊಳವೆ ಇರೋದು) ಆರಿಸಿಕೊಂಡೆವು. ಇಂಜಿನ್ ಮಾತ್ರ ಅಲ್ಲ, ಇಡೀ ವ್ಯಾನನ್ನೇ ತಂದೆವು. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಕೀ, ಲಾಕು, ಆಕ್ಸಿಲರೇಟರ್ ಪೆಡಲ್, ಮೀಟರ್ ಬೋರ್ಡ್, ವೈರಿಂಗ್ ಎಲ್ಲವೂ ಒಂದೇ ಗಾಡಿಯದ್ದಾಗಿದ್ದರೆ ಅರ್ಧ ತಲೆನೋವು ಅಲ್ಲೇ ಕಮ್ಮಿ. ಈಗಿನ ಇಸಿಯು ತನ್ನ ಕೀ ಕಾಣದೆ ಡೀಸೆಲ್ ಬಿಡುವುದಿಲ್ಲ, ಅಲ್ವಾ? ಬರೀ ಇಂಜಿನ್ ತಂದು ಆಮೇಲೆ ಇಮೊಬಿಲೈಸರ್ ಅನ್ನೋ ಈ ಕೀ ಕಾವಲಿನ ಜೊತೆ ಗುದ್ದಾಡುವವರನ್ನು ನೋಡಿದ್ದೇನೆ. ಗಾಡಿಯ ದಾಖಲೆಯಲ್ಲಿ ಇಂಜಿನ್ ಮತ್ತು ಇಂಧನ ಬದಲಾಯಿಸಲು ಅನುಮತಿ ಸಿಗುತ್ತದಾ ಅಂತ ಸ್ಪ್ಯಾನರ್ ಹಿಡಿಯೋ ಮೊದಲೇ ವಿಚಾರಿಸಿಕೊಂಡಿದ್ದೆವು. ಅದು ಬೇಸರದ ಕೆಲಸ, ಆದರೆ ಮೊದಲು ಮಾಡಬೇಕಾದದ್ದೇ ಅದು.

ಕೂರಿಸುವಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಯ್ತು. ಹೊಸ ಇಂಜಿನ್ನಿನ ಆಯಿಲ್ ಸಂಪ್ (ಅಡಿಯ ಆಯಿಲ್ ತೊಟ್ಟಿ) ಚಾಸಿಯ ಕ್ರಾಸ್ ಮೆಂಬರ್ (ಅಡ್ಡಪಟ್ಟಿ) ಮೇಲೆ ಕೂತುಬಿಡುತ್ತಿತ್ತು. ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಂಪ್ ಪಾರು, ಆದರೆ ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿದ್ದ ವ್ಯಾಕ್ಯೂಮ್ ಪಂಪ್ ಹೋಗಿ ಫೈರ್‌ವಾಲ್‌ಗೆ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಒತ್ತುತ್ತಿತ್ತು. ಮೇಲಕ್ಕೆತ್ತೋಣ ಅಂದರೆ ಗೇರ್‌ಬಾಕ್ಸ್ ಕೋನ ಕೆಡುತ್ತದೆ. ಗೇರ್‌ಬಾಕ್ಸ್ ತುದಿಯ ಕೋನಕ್ಕೂ ಹಿಂದಿನ ಆಕ್ಸಲ್ ಮೂತಿಯ ಕೋನಕ್ಕೂ ಹೊಂದಾಣಿಕೆ ತಪ್ಪಿದರೆ ಜಾಯಿಂಟ್‌ಗಳು ಅವೆರಡನ್ನೂ ಸೇರಿಸೋ ಶಾಫ್ಟನ್ನು ಒಂದೇ ಸಮ ತಿರುಗಿಸುವುದಿಲ್ಲ, ಸ್ಪೀಡಿನಲ್ಲಿ ಗಾಡಿ ನಡುಗುತ್ತದೆ. ಕಡೆಗೆ ಫೈರ್‌ವಾಲ್‌ನಲ್ಲೇ ಒಂದು ಚೌಕ ಕತ್ತರಿಸಿ, ಒಳಕ್ಕೆ ತಗ್ಗಾಗಿ ತಗಡು ಬೆಸೆದು ಪಂಪಿಗೆ ಜಾಗ ಮಾಡಿದೆವು. ಈಗ ಮಧ್ಯದಲ್ಲಿ ಕೂತವರ ಕಾಲಿಗೆ ಅದು ತಗಲುತ್ತದೆ, ತಗಲಲಿ ಬಿಡಿ.

ಆ ಪಂಪ್‌ಗೆ ಯಾಕಿಷ್ಟು ಮರ್ಯಾದೆ ಅಂದರೆ, ಬ್ರೇಕ್ ನಿಂತಿರೋದೇ ಅದರ ಮೇಲೆ. ಪೆಟ್ರೋಲ್ ಇಂಜಿನ್‌ನಲ್ಲಿ ಥ್ರಾಟಲ್ ತಟ್ಟೆ ಗಾಳಿಯನ್ನು ತಡೆಯುತ್ತದೆ, ಅದರ ಹಿಂದೆ ವ್ಯಾಕ್ಯೂಮ್ ತಾನಾಗೇ ಹುಟ್ಟುತ್ತದೆ. ಅಲ್ಲಿಂದ ಒಂದು ಪೈಪ್ ಬ್ರೇಕ್ ಬೂಸ್ಟರ್‌ಗೆ (ಕಾಲಿನ ಒತ್ತಿಗೆ ಬಲ ಸೇರಿಸೋ ಡಬ್ಬಿ) ಹೋದರೆ ಆಯ್ತು. ಡೀಸೆಲ್ ತನ್ನ ಶಕ್ತಿಯನ್ನು ಹೆಚ್ಚುಕಮ್ಮಿ ಮಾಡಿಕೊಳ್ಳೋದು ಇಂಧನದ ಅಳತೆಯಿಂದ, ಗಾಳಿಯನ್ನು ಹಾಗೆ ತಡೆದು ಅಲ್ಲ. ಹಾಗಾಗಿ ಮ್ಯಾನಿಫೋಲ್ಡ್‌ನಲ್ಲಿ ಬೂಸ್ಟರ್‌ಗೆ ಸಾಕಾಗುವ ವ್ಯಾಕ್ಯೂಮ್ ಇರೋದಿಲ್ಲ, ಗಾಳಿ ತುರುಕೋ ಟರ್ಬೊ ತಿರುಗಿದರೆ ಅಲ್ಲಿರೋದು ಉಲ್ಟಾ ಒತ್ತಡ. ಪಂಪ್ ಇಲ್ಲದೆ ರಸ್ತೆಗಿಳಿದರೆ ಪೆಡಲ್ ಕಲ್ಲಾಗುತ್ತದೆ.

ಹಳೇ ಗೇರ್‌ಬಾಕ್ಸನ್ನೇ ಉಳಿಸಿಕೊಂಡಿದ್ದರಿಂದ ಅದನ್ನು ಹೊಸ ಇಂಜಿನ್‌ಗೆ ಜೋಡಿಸಲು ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸಿದ್ದೆವು. ಪ್ಲೇಟ್ ಎಷ್ಟು ಚೆನ್ನಾಗಿ ಕಂಡರೂ ಎರಡರ ಕೇಂದ್ರ ಒಂದೇ ಗೆರೆಯಲ್ಲಿದೆ ಅಂತ ನಂಬೋ ಹಾಗಿಲ್ಲ. ಫ್ಲೈವೀಲ್ ಮೇಲೆ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯೋ ಮುಳ್ಳಿನ ಮಾಪಕ) ನಿಲ್ಲಿಸಿ, ಕ್ರ್ಯಾಂಕನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ ಕವಚ) ರಂಧ್ರದ ಅಂಚಿನಲ್ಲಿ ಮುಳ್ಳು ಎಷ್ಟು ಆಡುತ್ತದೆ ನೋಡಬೇಕು. 0.13 ಮಿಲಿಮೀಟರ್ ಒಳಗಿದ್ದರೆ ನೆಮ್ಮದಿ. ಜಾಸ್ತಿ ಇದ್ದರೆ ಕ್ಲಚ್ ಪ್ಲೇಟು, ಪೈಲಟ್ ಬೇರಿಂಗು ಬೇಗ ಸಾಯುತ್ತವೆ.

ಆಕ್ಸಿಲರೇಟರ್‌ನಲ್ಲಿ ಈಗ ಕೇಬಲ್ ಇಲ್ಲ. ಪೆಡಲ್ ಒಳಗೆ ಎರಡು ಸೆನ್ಸರ್ ಇರುತ್ತವೆ, ಒಂದರ ವೋಲ್ಟೇಜು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಇಸಿಯು ಅನುಮಾನಪಟ್ಟು ಇಂಜಿನ್ನನ್ನು ಐಡಲ್‌ಗಿಂತ ಸ್ವಲ್ಪ ಮೇಲಷ್ಟೇ ಓಡಲು ಬಿಡುತ್ತದೆ. ವೈರಿಂಗ್ ಬಗ್ಗೆ ಬರೆದರೆ ಮುಗಿಯೋದಿಲ್ಲ, ಒಂದೇ ಮಾತು: ಅರ್ತ್ ವೈರ್ ದಪ್ಪ ಹಾಕಿ, ಬಣ್ಣ ಕೆರೆದು ಹೊಳೆಯೋ ಲೋಹಕ್ಕೇ ಬಿಗಿಯಿರಿ. ಇಂಜಿನ್‌ನಿಂದ ಚಾಸಿಗೆ ಒಂದು, ಕ್ಯಾಬಿನ್‌ಗೆ ಇನ್ನೊಂದು.

ಇಷ್ಟೆಲ್ಲ ಮುಗಿದು ಸ್ಟಾರ್ಟ್ ಮಾಡೋ ದಿನ ಬಂತು.

ಮೊದಲು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಿತ್ತು ಸೆಲ್ಫ್ ಹೊಡೆದೆವು. ಡೀಸೆಲ್ ಉರಿಯದೆ ಇಂಜಿನ್ ಸುಮ್ನೆ ತಿರುಗಬೇಕು, ಆಯಿಲ್ ಟರ್ಬೊ ತನಕ ತಲುಪಬೇಕು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುವಂಥದ್ದು, ಒಣ ಬೇರಿಂಗ್ ಮೇಲೆ ಅದನ್ನು ಓಡಿಸೋ ಧೈರ್ಯ ನಮಗಿಲ್ಲ. ಆಯಿಲ್ ಲೈಟ್ ಆರಿತು. ಕನೆಕ್ಟರ್ ವಾಪಸ್ ಹಾಕಿದೆವು. ಗೆಳೆಯ ಒಂದು ಹಲಗೆ ಹಿಡಿದು ಗಾಳಿ ಪೈಪಿನ ಬಾಯಿ ಹತ್ತಿರ ನಿಂತ. ಟರ್ಬೊ ಸೀಲ್ ಹೋಗಿದ್ದರೆ ಡೀಸೆಲ್ ಇಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರು ಮಾಡಬಹುದು. ಆಗ ಕೀ ತಿರುಗಿಸಿದರೂ ನಿಲ್ಲೋದಿಲ್ಲ, ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಗುಜರಿಯಿಂದ ಬಂದ ಇಂಜಿನ್ ಅಂದ ಮೇಲೆ ಹಲಗೆ ಇರಲೇಬೇಕು.

ಸೆಲ್ಫ್ ಹೊಡೆದೆ. ತಿರುಗಿತು, ಹತ್ತಲಿಲ್ಲ. ಮತ್ತೆ ಹೊಡೆದೆ, ಅದೇ ಕತೆ. ಸ್ಕ್ಯಾನರ್ ಹಾಕಿ ನೋಡಿದರೆ ಬೇರೆಲ್ಲ ಸರಿಯಿದೆ, ರೈಲ್ ಪ್ರೆಶರ್ (ಆ ಕೊಳವೆಯ ಡೀಸೆಲ್ ಒತ್ತಡ) ಮಾತ್ರ ಏರುತ್ತಿಲ್ಲ. ಕಾಮನ್ ರೈಲ್ ಇಂಜಿನ್ ಪೂರ್ತಿ ದುಡಿಯುವಾಗ 1,600 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿರುತ್ತದೆ. ಹತ್ತೋದಕ್ಕೆ ಅಷ್ಟು ಬೇಡ, 200 ಬಾರ್ ಹತ್ತಿರ ಬಂದರೆ ಸಾಕು. ನಮ್ಮದು ಅಲ್ಲಿಗೂ ಬರದೆ ಏರೋದು, ಕುಸಿಯೋದು ಮಾಡುತ್ತಿತ್ತು. ಹೈ ಪ್ರೆಶರ್ ಪಂಪ್ ಹೋಯ್ತಾ ಅಂತ ಎದೆ ಧಸಕ್ಕಂದಿತು. ಗೆಳೆಯ ಮಾತಾಡದೆ ಫಿಲ್ಟರ್‌ಗೆ ಬರೋ ರಬ್ಬರ್ ಪೈಪ್ ತೆಗೆದು ಅಲ್ಲಿ ಒಂದು ಗೇಣುದ್ದ ಪಾರದರ್ಶಕ ಪೈಪ್ ಸೇರಿಸಿದ. ಮತ್ತೆ ಸೆಲ್ಫ್. ಪೈಪಿನೊಳಗೆ ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಎಲ್ಲೋ ಗಾಳಿ ಎಳೆಯುತ್ತಿದೆ.

ಕ್ಲಿಪ್ಪುಗಳೆಲ್ಲ ಬಿಗಿ. ಟ್ಯಾಂಕನ್ನು ಬಿಟ್ಟು ಒಂದು ಕ್ಯಾನಿನಿಂದ ನೇರ ಪೈಪ್ ಕೊಟ್ಟಾಗ ಗುಳ್ಳೆ ನಿಂತಿತು, ಸ್ಕ್ಯಾನರ್‌ನ ಅಂಕಿ ಮೇಲೇರಿತು, ಇಂಜಿನ್ ಒಮ್ಮೆ ಕೆಮ್ಮಿ ಬಿಳಿ ಹೊಗೆ ಉಗುಳಿ ಹತ್ತಿಕೊಂಡಿತು! ಹಲಗೆಗೆ ಕೆಲಸ ಬೀಳಲಿಲ್ಲ. ಅಷ್ಟು ದಿನದ ಕೆಲಸಕ್ಕೆ ಸೌಂಡು ಇಷ್ಟು ಕಮ್ಮಿನಾ ಅಂತ ನನಗೆ ಸ್ವಲ್ಪ ನಿರಾಸೆಯೇ ಆಯ್ತು. 4ಬಿಟಿ ಆಗಿದ್ದರೆ ಗೋಡೆ ನಡುಗಬೇಕಿತ್ತು ಅಂತ ಗೆಳೆಯ ಚುಚ್ಚಿದ.

ಆಮೇಲೆ ಟ್ಯಾಂಕ್ ಬಿಚ್ಚಿ ನೋಡಿದೆವು. ಒಳಗಿನ ಹೀರುಕೊಳವೆಯಲ್ಲಿ, ಡೀಸೆಲ್ ಮಟ್ಟಕ್ಕಿಂತ ಮೇಲೆ, ತುಕ್ಕು ತಿಂದು ಸೂಜಿಮೊನೆಯಷ್ಟು ತೂತು. ಕಾರ್ಬುರೇಟರ್ ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಬಂದ ಗಾಳಿ ಅದರ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಚೇಂಬರ್‌ನಲ್ಲಿ ಮೇಲೆದ್ದು ಹೋಗುತ್ತಿತ್ತು. ಹಳೇ ಇಂಜಿನ್ ಸದ್ದಿಲ್ಲದೆ ಸಹಿಸಿಕೊಂಡಿದ್ದ ಇನ್ನೊಂದು ವಿಷಯ ಇದು. ಕಾಮನ್ ರೈಲ್‌ಗೆ ಗಾಳಿಯೂ ಆಗೋದಿಲ್ಲ, ನೀರೂ ಆಗೋದಿಲ್ಲ, ತುಕ್ಕಿನ ಪುಡಿಯಂತೂ ಇಂಜೆಕ್ಟರ್‌ಗಳನ್ನೇ ತಿಂದುಹಾಕುತ್ತದೆ. ಟ್ಯಾಂಕ್ ತೊಳೆಯೋದು ಬಿಟ್ಟು ಹೊಸದನ್ನೇ ಹಾಕಿದೆವು, ನೀರು ಬೇರ್ಪಡಿಸೋ ಫಿಲ್ಟರ್ ಸೇರಿಸಿದೆವು. ಇಂಜಿನ್‌ನಿಂದ ವಾಪಸ್ ಬರೋ ಬಿಸಿ ಡೀಸೆಲ್‌ಗೆ ಬೇರೆ ಪೈಪ್ ಬೇಕಿತ್ತು, ಅದನ್ನು ಹೀರುಕೊಳವೆಯಿಂದ ದೂರಕ್ಕೆ ಇಳಿಬಿಟ್ಟೆವು. ಲೀಕ್ ನೋಡೋದು ರಟ್ಟಿನ ತುಂಡು ಹಿಡಿದು, ಕೈಯಿಂದಲ್ಲ. ಆ ಒತ್ತಡದ ಸಣ್ಣ ಎಳೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ.

ಶೆಡ್ಡಿನಿಂದ ಹೊರಡೋ ಮೊದಲು ಬ್ರೇಕ್ ಪರೀಕ್ಷೆ. ಇಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗೋ ತನಕ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿದೆ. ಪೆಡಲ್ ಕಾಲಡಿಯಲ್ಲಿ ಮೆತ್ತಗೆ ಒಂದಿಷ್ಟು ಕೆಳಗಿಳಿಯಿತು. ಪಂಪ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಫೈರ್‌ವಾಲ್ ಕತ್ತರಿಸಿದ್ದು ದಂಡವಾಗಲಿಲ್ಲ.

ರಸ್ತೆಯಲ್ಲಿ ಪಿಕಪ್ ಬಗ್ಗೆ ದೂರಿಲ್ಲ. 1,500 ಆರ್‌ಪಿಎಂ ದಾಟಿದರೆ ಎಳೆಯುತ್ತಾ ಹೋಗುತ್ತದೆ, ಏರಿನಲ್ಲೂ ಗೇರ್ ಇಳಿಸಬೇಕಾಗೋದು ಕಮ್ಮಿ. ಮೊದಲನೇ ಗೇರು ಮಾತ್ರ ಈಗ ದಂಡ, ಗಾಡಿ ಒಂದಡಿ ಹೋಗೋದರೊಳಗೆ ಎರಡನೇದು ಕೇಳುತ್ತದೆ. ನಿಜವಾದ ತಕರಾರು ಟಾಪ್ ಗೇರಿನದು. ಹಿಂದಿನ ಆಕ್ಸಲ್ 4.56 ರೇಶಿಯೋದ್ದು, ಅಂದರೆ ಶಾಫ್ಟ್ 4.56 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು; ಟಾಪ್ ಗೇರಿನಲ್ಲಿ ಇಂಜಿನ್ ಸುತ್ತಿದಷ್ಟೇ ಶಾಫ್ಟ್ ಸುತ್ತುತ್ತದೆ. ನಮ್ಮ ಟೈರ್ ಅಳತೆಗೆ 80 ಕಿಲೋಮೀಟರ್ ಸ್ಪೀಡಿನಲ್ಲೇ 2,500 ಆರ್‌ಪಿಎಂ, 100ಕ್ಕೆ 3,125. ಪೆಟ್ರೋಲ್ ಇಂಜಿನ್‌ಗೆ ಅದು ಲೆಕ್ಕಕ್ಕೇ ಇರಲಿಲ್ಲ. ಡೀಸೆಲ್ ಆರಾಮಾಗಿರೋ ಜಾಗ ಅದಕ್ಕಿಂತ ಕೆಳಗಿದೆ.

ಈಗ ಆಕ್ಸಲ್ ಬಿಚ್ಚಿ 3.73ರ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಹಾಕೋದಾ, ಓವರ್‌ಡ್ರೈವ್ (ಇಂಜಿನ್‌ಗಿಂತ ಶಾಫ್ಟ್ ಜೋರಾಗಿ ತಿರುಗೋ ಗೇರು) ಇರೋ ಗೇರ್‌ಬಾಕ್ಸ್ ಹುಡುಕೋದಾ ಅನ್ನೋ ವಾದ ನಡೆಯುತ್ತಿದೆ. ಗೆಳೆಯನಿಗೆ ಐದನೇ ಗೇರಿನ ಆಸೆ. ನಾನು ಕ್ರೌನ್ ಪಿನಿಯನ್ ಕಡೆ. ಗೇರ್‌ಬಾಕ್ಸ್ ಬದಲಾದರೆ ಅಡಾಪ್ಟರ್ ಪ್ಲೇಟ್ ಮತ್ತೆ, ಡಯಲ್ ಗೇಜ್ ಮತ್ತೆ, ಶಾಫ್ಟ್ ಉದ್ದ ಬೇರೆ, ಕೋನ ಬೇರೆ. ಆಕ್ಸಲ್ ಆದರೆ ಸ್ಪೀಡೋಮೀಟರ್ ಕೇಬಲ್ ತುದಿಯ ಸಣ್ಣ ಗೇರೊಂದನ್ನು ಬದಲಾಯಿಸಿದರೆ ಮುಗಿಯಿತು. ಮುಗಿಯಿತು ಅಂತ ನಾನು ಹೇಳಿದಾಗಲೆಲ್ಲ ಅವನು ನಗುತ್ತಾನೆ. ಹೀಟರ್ ಪೈಪ್ ಇನ್ನೂ ಬಾಕಿ ಇದೆಯಲ್ಲ ಅಂತಾನೆ.