ಹಳದಿ ಶೂ, ಬಿಳಿ ಬೋರ್ಡ್, ರ‍್ಯಾಂಡ್ ಫಿಶ್‌ಕಿನ್

ಎಸ್‌ಇಒ, ಅಂದ್ರೆ ಗೂಗಲ್‌ನಲ್ಲಿ ಹುಡುಕಿದಾಗ ವೆಬ್‌ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಸಿಕ್ಕಿದವರು ರ‍್ಯಾಂಡ್ ಫಿಶ್‌ಕಿನ್. ದೊಡ್ಡ ಮೀಸೆ, ಹಳದಿ ಶೂ, ಹಿಂದೆ ವೈಟ್‌ಬೋರ್ಡ್, ಅದರ ತುಂಬ ಮಾರ್ಕರ್‌ನಲ್ಲಿ ಬರೆದ ಚೌಕ, ಬಾಣ. ಪ್ರತಿ ಶುಕ್ರವಾರ ಒಂದು ವಿಷಯ. ಹತ್ತು ನಿಮಿಷದ ವಿಡಿಯೋ ಮುಗಿಸೋಕೆ ನನಗೆ ಒಂದು ಗಂಟೆ ಬೇಕಾಗುತ್ತಿತ್ತು, ಯಾಕಂದ್ರೆ ನಿಲ್ಲಿಸಿ ನಿಲ್ಲಿಸಿ ಇಡೀ ಬೋರ್ಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಆ ನೋಟ್‌ಬುಕ್ ಇನ್ನೂ ಇದೆ.

ಅವರು ಈ ಕೆಲಸಕ್ಕೆ ಬಂದದ್ದೇ ಕಷ್ಟದಿಂದ. ಅಮೆರಿಕದ ಸಿಯಾಟಲ್‌ನಲ್ಲಿ ಕಾಲೇಜು ಅರ್ಧಕ್ಕೇ ಬಿಟ್ಟು ಅಮ್ಮನ ಜೊತೆ ವೆಬ್‌ಸೈಟ್ ಮಾಡಿಕೊಡುವ ವ್ಯಾಪಾರಕ್ಕೆ ಇಳಿದರು. ಕೈ ಹತ್ತಲಿಲ್ಲ. ಸಾಲ ಸುಮಾರು 5 ಲಕ್ಷ ಡಾಲರ್ ಆಯ್ತು, ಅದನ್ನು ಅಪ್ಪನಿಂದಲೂ ಮುಚ್ಚಿಟ್ಟಿದ್ದರು. ಎಸ್‌ಇಒ ಮಾಡುವವರಿಗೆ ಕೊಡೋಕೆ ದುಡ್ಡಿಲ್ಲ ಅಂತ ತಾವೇ ಕಲಿಯಲು ಕೂತರು. ಕಲಿತದ್ದನ್ನು 2004ರಿಂದ ಎಸ್‌ಇಒಮಾಜ್ ಬ್ಲಾಗ್‌ನಲ್ಲಿ ಎಲ್ಲರಿಗೂ ಬರೆದು ಹಾಕಿದರು. ಹೊಟ್ಟೆಪಾಡಿನ ಗುಟ್ಟನ್ನು ಹಾಗೆ ಸುಮ್ನೆ ಹಂಚಿಕೊಳ್ಳೋಕೆ ಧೈರ್ಯ ಬೇಕು ಅಲ್ವಾ? ಆ ಬ್ಲಾಗೇ ಮುಂದೆ ಮಾಜ್ ಎಂಬ ಸಾಫ್ಟ್‌ವೇರ್ ಕಂಪನಿ ಆಯ್ತು.

2014ರಲ್ಲಿ ಸಿಇಒ ಹುದ್ದೆ ಬಿಟ್ಟರು. ಖಿನ್ನತೆಯಲ್ಲಿದ್ದೆ ಅಂತ ಅದೇ ವರ್ಷ ತಾವೇ ಬರೆದರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆದದ್ದು ಆಗಲೇ. ಈ ಕ್ಷೇತ್ರದಲ್ಲಿ ಎಲ್ಲರೂ ಗೆದ್ದ ಗ್ರಾಫ್ ಮಾತ್ರ ತೋರಿಸುತ್ತಾರೆ.

2018ರಲ್ಲಿ ಮಾಜ್‌ನಿಂದ ಹೊರಬಂದು ಸ್ಪಾರ್ಕ್‌ಟೊರೊ ಶುರು ಮಾಡಿದರು. ನಮ್ಮ ಗಿರಾಕಿಗಳು ಯಾವ ಸೈಟ್ ಓದುತ್ತಾರೆ, ಯಾರ ಮಾತು ಕೇಳುತ್ತಾರೆ ಅಂತ ತಿಳಿಸುವ ಟೂಲ್ ಅದು. ಆದರೆ ಈಗ ಅವರನ್ನು ನಾನು ಓದುವುದು ಗೂಗಲ್ ಬಗ್ಗೆ ಅವರು ಹೇಳುವ ಮಾತಿಗೆ. 2024ರ ಮೇ ತಿಂಗಳಲ್ಲಿ ಗೂಗಲ್ ಸರ್ಚ್‌ನ ಸುಮಾರು 2,500 ಪುಟದ ಒಳಗಿನ ದಾಖಲೆ ಸೋರಿಕೆಯಾಗಿ ಅವರ ಕೈಗೆ ಬಂತು. ಜನ ಎಲ್ಲಿ ಕ್ಲಿಕ್ ಮಾಡುತ್ತಾರೆ ಅನ್ನುವುದರಿಂದ ರ‍್ಯಾಂಕ್, ಅಂದ್ರೆ ಸೈಟ್ ಎಷ್ಟು ಮೇಲೆ ಕಾಣುತ್ತೆ ಅನ್ನೋದು, ಬದಲಾಗುತ್ತೆ ಅಂತ ಅವರು ವರ್ಷಗಟ್ಟಲೆ ಹೇಳುತ್ತಿದ್ದರು, ಗೂಗಲ್‌ನವರು ಇಲ್ಲ ಅನ್ನುತ್ತಿದ್ದರು. ದಾಖಲೆಯಲ್ಲಿ ಕ್ಲಿಕ್ಕಿನ ಲೆಕ್ಕ ಇಡುವ ವ್ಯವಸ್ಥೆಯ ಹೆಸರೇ ಇತ್ತು. ದಾಖಲೆ ಅಸಲಿ ಅಂತ ಗೂಗಲ್ ಕೂಡ ಒಪ್ಪಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ವರ್ಷ ಇನ್ನೊಂದು ಲೆಕ್ಕ ಕೊಟ್ಟರು. ಅಮೆರಿಕದಲ್ಲಿ ಗೂಗಲ್‌ನಲ್ಲಿ 1,000 ಸಲ ಹುಡುಕಿದರೆ ಹೊರಗಿನ ವೆಬ್‌ಸೈಟ್‌ಗಳಿಗೆ ಹೋಗುವುದು ಬರೀ 360 ಕ್ಲಿಕ್. ಉಳಿದವು ಗೂಗಲ್ ಪುಟದಲ್ಲೇ ಮುಗಿಯುತ್ತವೆ, ಇಲ್ಲವೇ ಗೂಗಲ್‌ನದ್ದೇ ಬೇರೆ ಸೈಟಿಗೆ ಹೋಗುತ್ತವೆ, ಇಲ್ಲವೇ ಇನ್ನೊಂದು ಹುಡುಕಾಟ ಆಗುತ್ತವೆ. ಹಾಗಿದ್ದಮೇಲೆ ಸೈಟಿಗೆ ಬರುವ ಜನ, ಅಂದ್ರೆ ಟ್ರಾಫಿಕ್ ಎಷ್ಟು ಅಂತ ಮಾತ್ರ ಕೇಳುತ್ತಾ ಕೂತರೆ ಆಗಲ್ಲ, ಜನ ಇರುವ ಕಡೆಗೇ ನಮ್ಮ ಹೆಸರು ಹೋಗಬೇಕು ಅನ್ನುತ್ತಾರೆ ಅವರು.

ನಾಳೆ ಒಬ್ಬ ಬೇಕರಿ ಮಾಲೀಕರನ್ನು ನೋಡೋಕೆ ಹೋಗುವುದಿದೆ. "ಸೈಟಿಗೆ ಯಾಕೆ ಜನ ಬರ್ತಿಲ್ಲ ಸರ್?" ಅಂತ ಮೂರು ಸಲ ಫೋನ್ ಮಾಡಿದ್ದಾರೆ. ಒಂದು ಹಾಳೆ ತಗೊಂಡು, ಚೌಕ ಬಾಣ ಹಾಕಿ, ಈ 360ರ ಲೆಕ್ಕ ಅವರಿಗೆ ತೋರಿಸಬೇಕು.